ಎಡಗಾಲಿನ ಚಂದ್ರ, ಬಲಗಾಲಿನ ಚಂದ್ರ

ಖುರ್ಷಿದ್ ಸಾಹೇಬರು ಕಡಲಾಚೆಯ ನೆವಾರ್ಕಿಗೆ ಬಂದಿಳಿದ ದಿನವೇ ಆ ಊರಿನ ಸೊಟ್ಟ ವಸ್ತುಗಳೆಲ್ಲ ನಡುಗಿದವಂತೆ. ಅವರನ್ನು ಕಂಡರೆ ಗ್ರೋಸರಿಯ ಟೊಮ್ಯಾಟೊಗಳು ತಾವಾಗಿ ಸಾಲುಗಟ್ಟುತ್ತವೆ, ಪಾರ್ಕಿಂಗಿನಲ್ಲಿ ಓರೆಯಾಗಿ ನಿಂತ ಕಾರುಗಳು ನಾಚಿ ನೆಟ್ಟಗಾಗುತ್ತವೆ ಎಂದು ನಂಬುವವರಿದ್ದಾರೆ. ಬಿರಿಯಾನಿಯ ಮೇಲಿನ ಮೊಟ್ಟೆಗಳನ್ನು ಅವರು ವೃತ್ತಾಕಾರವಾಗಿ ಜೋಡಿಸಿ, ಕುರ್ಚಿ ಹತ್ತಿ ಫೋಟೊ ತೆಗೆಯುವ ಮೊದಲು ಆ ಮನೆಯಲ್ಲಿ ಯಾವ ಅತಿಥಿಯೂ ಉಂಡದ್ದಿಲ್ಲ.

ಹುಬ್ಬಳ್ಳಿಯ ಈ ಇಂಜಿನಿಯರರಿಗೆ ದಕ್ಕದೆ ಉಳಿದ ಸಾಮ್ರಾಜ್ಯ ಒಂದೇ: ಸೇತುವೆ ದಾಟಿದರೆ ಸಿಗುವ ಸ್ಯಾನ್ ಮಟಿಯೋದ ಕನ್ನಡಿಗರ ಕ್ಯಾಮೆರಾ ಕೂಟದ ವಾರ್ಷಿಕ ಪ್ರದರ್ಶನದ ಗೋಡೆ. ಕಳಿಸಿದ್ದನ್ನೆಲ್ಲ ಆಯ್ಕೆಗಾರ ಡಾಕ್ಟರ್ ವ್ಯಾಸರಾಜ ಹಿಂದಿರುಗಿಸಿದ್ದರು.

"ಆಕಾರ ಇದೆ, ವಿನ್ಯಾಸ ಇದೆ ಸಾಹೇಬ್ರೇ. ಆದ್ರೆ ಬಾತ್‌ರೂಮ್ ಟೈಲ್ಸ್ ನೋಡಿದ ಹಾಗಿದೆ. ಎಲ್ಲಾದ್ರೂ ಒಂದು ಕಡೆ ಸಾಲು ಮುರೀಬೇಕು."

ಸಾಲು ಮುರಿಯುವುದೇ? ಸಾಹೇಬರು ಅಂಥ ಪಾಪ ಮಾಡಿದವರಲ್ಲ. ಆದರೆ ಈ ಸಲವೂ ಫೋಟೊ ವಾಪಸ್ಸು ಬಂದರೆ ಕ್ಯಾಮೆರಾ ಮಗಳು ಇನಾಯಾಳ ಪಾಲು, ಅಡುಗೆಮನೆಯ ಡಬ್ಬಿಗಳು ಇನ್ನು ತಾನಿಟ್ಟಂತೆ ಎಂದು ಹೆಂಡತಿ ಖಾಲಿದಾ ಸಾರಿಬಿಟ್ಟಿದ್ದರು.

ಅಷ್ಟರಲ್ಲಿ ಈದ್ ಬಂತು. ಪಾರ್ಕಿನಲ್ಲಿ ಎರಡು ತಂಡಗಳಲ್ಲಿ ನಮಾಜು. ಮೊದಲ ತಂಡದಲ್ಲಿ ಮುಗಿಸಿ ಹೊರಬಂದ ಸಾಹೇಬರ ಮುಂದೆ, ಎರಡನೇ ತಂಡದವರು ಹುಲ್ಲಿನ ಮೇಲೆ ಬಿಟ್ಟುಹೋದ ಪಾದರಕ್ಷೆಗಳ ರಾಶಿ. ಯುದ್ಧಭೂಮಿಯನ್ನು ಕಂಡ ಸೇನಾಪತಿಯಂತೆ ಅವರು ತೋಳೇರಿಸಿದರು. ಎಡಗಾಲಿನವೆಲ್ಲ ಒಂದು ಅರ್ಧಚಂದ್ರ. ಬಲಗಾಲಿನವೆಲ್ಲ ಎದುರಿಗೆ ಇನ್ನೊಂದು. ಅಂಚಿಗೆ ಕಪ್ಪು, ಒಳಗೆ ಬರುತ್ತಾ ಕಂದು, ಬಿಳಿ, ಕೊನೆಗೆ ಮಕ್ಕಳ ಮಿಣುಕು ಶೂಗಳು. ಬ್ಯಾನರ್ ಕಟ್ಟಲು ತಂದಿದ್ದ ಏಣಿ ಹತ್ತಿ ಪರೀಕ್ಷೆಗೆಂದು ಒಂದು ಫೋಟೊ ತೆಗೆದರು. ಅಸಲಿ ಫೋಟೊ ತೆಗೆಯುವ ಮೊದಲೇ ಪ್ರವಚನ ಮುಗಿದು ಜನ ನುಗ್ಗಿದರು.

"ಅಂಕಲ್, ಎಡಗಡೇದು ಸಿಕ್ತು. ಬಲಗಡೇದೆಲ್ಲಿ?" ಎಂದ ಪಕ್ಕದ ಅಪಾರ್ಟ್‌ಮೆಂಟಿನ ಫುರ್ಕಾನ್.

"ಎದುರಿನ ಚಂದ್ರನಾಗ ನೋಡೋ, ಕರೀ ಸಾಲಿನ್ಯಾಗ!" ಏಣಿಯ ಮೇಲಿಂದ ಸಾಹೇಬರ ಅಪ್ಪಣೆ.

"ಅಲ್ಲಿರೋವೆಲ್ಲಾ ಕರೀವೇ ಅಂಕಲ್! ಮೆನ್ಲೋ ಪಾರ್ಕಲ್ಲಿ ಮೀಟಿಂಗಿದೆ ನಂಗೆ!"

ಇನಾಯಾ ಅಪ್ಪನತ್ತ ನೋಡಿ "ಅಬ್ಬಾ, ಪ್ಲೀಸ್, ಜಸ್ಟ್ ಕಮ್ ಡೌನ್" ಎಂದು ಕಾರಿನೊಳಗೆ ಅಡಗಿದಳು. "ಮುಂದಿನ ಈದ್‌ಗೆ ನಿಮ್ಮನ್ನ ಮನ್ಯಾಗ ಇಟ್ಟು ಕೀಲಿ ಹಾಕ್ತೀನ್ರೀ" ಎಂದರು ಖಾಲಿದಾ. ಫುರ್ಕಾನ್ ಮೀಟಿಂಗಿಗೆ ಹೋದದ್ದು ಒಂದು ಕಾಲಿಗೆ ತನ್ನ ಬೂಟು, ಇನ್ನೊಂದಕ್ಕೆ ಯಾರದೋ ಬೂಟು ಹಾಕಿಕೊಂಡು.

ಉಳಿದದ್ದು ಪರೀಕ್ಷೆಯ ಫೋಟೊ ಒಂದೇ. ಬೇರೆ ಗತಿಯಿಲ್ಲದೆ ಸಾಹೇಬರು ಅದನ್ನೇ ಕಳಿಸಿದರು. ಅದು ಗೋಡೆಯೇರಿತು, ಅದೂ ನಟ್ಟನಡುವೆ.

ಪ್ರದರ್ಶನದ ದಿನ ವ್ಯಾಸರಾಜ ಅದರ ಮುಂದೆ ಜನ ಸೇರಿಸಿದರು. "ನೋಡಿ, ಎರಡು ಚಂದ್ರಗಳು, ಎಂಥ ಶಿಸ್ತು! ಅವುಗಳ ಮಧ್ಯೆ ಅಡ್ಡಡ್ಡ ಬೋರಲು ಬಿದ್ದಿದೆ ಈ ಒಂಟಿ ಕೊಲ್ಹಾಪುರಿ ಚಪ್ಪಲಿ. ಇದಿಲ್ದಿದ್ರೆ ಫೋಟೊನೇ ಇಲ್ಲ. ಇಡೀ ವ್ಯವಸ್ಥೆಗೇ ಸವಾಲು ಇದು!" ಎಂದು ಖುರ್ಷಿದರ ಭುಜ ತಟ್ಟಿದರು. "ಹೇಳಿ ಸಾಹೇಬ್ರೇ, ಸರಿಯಾಗಿ ಇಲ್ಲೇ ಸಾಲು ಮುರೀಬೇಕು ಅಂತ ಹೇಗೆ ಹೊಳೀತು?"

ಖುರ್ಷಿದ್ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಫೋಟೊವನ್ನು ನೋಡಿದರು.

"ಅದು ನನ್ನ ಚಪ್ಲಿರೀ. ಏಣಿ ಮ್ಯಾಲಿಂದ ಜಾರಿ ಬಿತ್ತು. ಇಳಿದು ಎತ್ತೋದ್ರಾಗ ಮಂದಿ ಬಂದುಬಿಟ್ರು."