ಟವೆಲ್ಲಿನ ಆಚೆಗಿದ್ದ ಸೂರ್ಯ

ದೊಡ್ಡಮ್ಮ, ಅವತ್ತು ಮೋಡ ಇರಲಿಲ್ಲ. ನಾನು ಸುಳ್ಳು ಹೇಳಿದೆ.

ನೀನು ಇದನ್ನು ಓದಲಾರೆ — ಗೊತ್ತು. ಬಾಯಲ್ಲಿ ಹೇಳಲಾಗದೆ ಮೊದಲು ಮೊಬೈಲಿನಲ್ಲಿ ಟೈಪ್ ಮಾಡುತ್ತಿದ್ದೇನೆ, ಅಷ್ಟೆ.

ನಿನ್ನ ಕಣ್ಣಿನ ಆಪರೇಷನ್‌ಗೆ ಹೊರಟ ದಿನ ಅದು. ನಮ್ಮೂರು ರಾಯಚರ್ಲು ಬಿಟ್ಟಾಗ ಇನ್ನೂ ಕತ್ತಲು. ಕಾರು ನಾನೇ ಓಡಿಸುತ್ತಿದ್ದೆ, ಹಿಂದಿನ ಸೀಟಿನಲ್ಲಿ ನೀನೊಬ್ಬಳೇ. ಬೆಳಕು ನೇರ ಬಿದ್ದರೆ ನಿನಗೆ ಕಣ್ಣು ಚುಚ್ಚುತ್ತದೆಂದು ಕಿಟಕಿಯ ಗಾಜಿಗೆ ಟವೆಲ್ ಸಿಕ್ಕಿಸಿದ್ದೆ. ಆಗ ನಿನಗೆ ಇನ್ನೂ ಬಣ್ಣ ಕಾಣುತ್ತಿತ್ತು — ಮುಖ ಅಲ್ಲ, ಬಣ್ಣ. "ಆ ಕೆಂಪು ಸೀರೆಯೋಳು ಯಾರ್ಲಾ?" ಅಂತ ಕೇಳುತ್ತಿದ್ದೆಯಲ್ಲ, ಅಷ್ಟು.

ದಾರಿಯುದ್ದಕ್ಕೂ ಹೊಲಗಳಲ್ಲಿ ಹಾಸಿದ ಸೋಲಾರ್ ಪ್ಯಾನೆಲ್ಲುಗಳ ಪಕ್ಕ ಬರುವಾಗ ಸೂರ್ಯ ಬಂದ. ಹೇಗೆ ಹೇಳಲಿ... ಸಾಲು ಸಾಲು ಗಾಜಿನ ಮೇಲೆ ಮೊದಲು ನೇರಳೆ, ಆಮೇಲೆ ಕೆಂಡ. ನೀರೇ ಇಲ್ಲದ ನೆಲ ಕೆರೆಯಾಗಿ, ಅದರೊಳಗೆ ಇಡೀ ಆಕಾಶ ಬಿದ್ದ ಹಾಗೆ! ನನಗಾಗ ಫೋಟೋ ಹುಚ್ಚು. ಯಾರೂ ಕಲಿಸಿರಲಿಲ್ಲ, ವಿಡಿಯೋ ನೋಡಿ ನೋಡಿ ಕಲಿತವನು. ಅಂಥ ಬೆಳಕು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಬ್ರೇಕ್ ಹಾಕಿದೆ.

"ಯಾಕ್ಲಾ ಮಗ ನಿಲ್ಸುದೆ? ಸೂರ್ಯ ಬಂದ್ನಾ? ನಂಗೂ ವಸಿ ತೋರ್ಸೋ."

"ಎಲ್ಲಿ ಬಂದಾನು, ಬರೀ ಮೋಡ ಕಣ್ ದೊಡ್ಡಮ್ಮ. ಟೈರ್ ನೋಡ್ಬುಟ್ಟು ಬತ್ತೀನಿ, ಕೂತಿರು."

"ಮೋಡಕ್ಕೂ ಇವತ್ತೇ ಬೇಕಿತ್ತಾ!" ಅಂತ ನೀನು ನಕ್ಕೆ. "ವೋಗ್ಲಿ ಬುಡು, ಬರೋವಾಗ ನೋಡಾನ."

ನಿನ್ನನ್ನು ಇಳಿಸಿ, ಕೈಹಿಡಿದು ರಸ್ತೆಬದಿಯ ಕಲ್ಲು ದಾಟಿಸುವಷ್ಟರಲ್ಲಿ ಬೆಳಕು ಹೋಗುತ್ತದೆ ಅಂದುಕೊಂಡೆ. ಇಳಿಸುವುದೇ ಬೇಕಿರಲಿಲ್ಲ — ಟವೆಲ್ ಎಳೆದಿದ್ದರೆ ಸಾಕಿತ್ತು. ಫೋಟೋ ತೆಗೆದು ಬಂದಾಗ ಟವೆಲ್ಲಿನ ಅಂಚು ಕೆಂಪಗೆ ಹೊಳೆಯುತ್ತಿತ್ತು. ನೀನು ಅದರತ್ತಲೇ ಮುಖ ಮಾಡಿ ಕೂತಿದ್ದೆ. ನಿನಗೇನಾದರೂ ಗೊತ್ತಾಗಿತ್ತಾ —

ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ಬಿಸಿಲೇರಿತ್ತು. ನೀನು ಮತ್ತೆ ಕೇಳಲಿಲ್ಲ. ವಾಪಸ್ ಬರುವಾಗ ನಿನ್ನ ಕಣ್ಣಿಗೆ ಬ್ಯಾಂಡೇಜ್. ಬಿಚ್ಚಿದ ಮೇಲೆ ಬಣ್ಣವೂ ಉಳಿದಿರಲಿಲ್ಲ. ಹೀಗೂ ಆಗಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಆ ಬೆಳಿಗ್ಗೆ ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ...

ಆ ಫೋಟೋ ಎಲ್ಲರಿಗೂ ಇಷ್ಟವಾಯಿತು. ಅಮ್ಮ ಫ್ರೇಮ್ ಹಾಕಿಸಿ ನಡುಮನೆಯಲ್ಲೇ ತೂಗುಹಾಕಿದಳು. ನೀನು ಗಾಜಿನ ಮೇಲೆ ಕೈಯಾಡಿಸಿ, "ಇದ್ಯಾವತ್ತು ತೆಗ್ದಿದ್ಲಾ?" ಅಂದೆ. "ಬೇರೆ ದಿನ," ಅಂದೆ ನಾನು. ಇನ್ನೊಂದು ಸುಳ್ಳು.

ಈಗ ದಿನಾ ಬೆಳಿಗ್ಗೆ ಜಗಲಿಯಲ್ಲಿ ಕೂತು ಕೇಳುತ್ತೀಯ — "ಇವತ್ತು ಹೆಂಗವ್ನೆ ಸೂರಪ್ಪ?" ನಾನು ಹೇಳುತ್ತೇನೆ. ಒಂದು ಮಾತೂ ಬಿಡದೆ ನಂಬುತ್ತೀಯ. ನಾನು ಹೇಳಿದ್ದೇ ನಿನಗೆ ಆಕಾಶ. ನಿನ್ನ ಪಕ್ಕದಲ್ಲೇ ಕೂತಿದ್ದರೂ ಆ ಹೊತ್ತಿನಲ್ಲಿ ನಾನು ಎಷ್ಟು ಒಂಟಿ ಅನ್ನುವುದು...

ಬೇಡ. ಅದನ್ನು ಹೇಳುವ ಹಕ್ಕು ನನಗಿಲ್ಲ.

ನಾಳೆ ನೀನು ಕೇಳಿದಾಗ ಮೊದಲು ಅವತ್ತಿನ ಸೂರ್ಯನನ್ನು ಹೇಳುತ್ತೇನೆ. ನೇರಳೆಯಿಂದ ಶುರುಮಾಡಿ, ಟವೆಲ್ಲಿನ ತನಕ. ಆಮೇಲೆ ನೀನು ಮತ್ತೆಂದೂ ಕೇಳದೇ ಹೋಗಬಹುದು — ಆಗ ಜಗಲಿಯಲ್ಲಿ, ಅವತ್ತಿನ ಹಾಗೇ, ನಾನೊಬ್ಬನೇ ನೋಡುತ್ತೇನೆ.