ಬೋರಲು ಹಾಕಿದ ಕಡಾಯಿ

ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮಾಂಜ್ರಾ ದಂಡೆಯ ಊರಿನಿಂದ ವಾರಕ್ಕೊಮ್ಮೆ ಬೆಣ್ಣೆ ಮಾರಲು ಬೀದರಿಗೆ ಬರುವಾಕೆ, ಬುಟ್ಟಿ ಇಳಿಸುತ್ತಲೇ ಹೇಳಿದಳು: "ಕಡಾಯಿ ಕಾಕಾ ಹೋದ್ನ್ರಿ, ಅಕ್ಕಾ. ಮೊನ್ನಿ ಸೋಮಾರ." ಕೈ ಮೊರದ ಮೇಲೇ ನಿಂತಿತು.

ನನ್ನ ತವರು ಔರಾದ ಕಡೆ, ಕೊಟ್ಟ ಮನೆ ಭಾಲ್ಕಿ ಕಡೆ. ನಡುವೆ ಮಾಂಜ್ರಾ ಹೊಳೆ. ಬೇಸಿಗೆಯಲ್ಲಿ ಉಸುಕಿನಲ್ಲಿ ಕಲ್ಲಂಗಡಿ ಬಳ್ಳಿ ಹಬ್ಬಿಸಿಕೊಂಡು, ಮೊಣಕಾಲುದ್ದ ನೀರಿನಲ್ಲಿ ನಮ್ಮನ್ನು ನಡೆಸುವ ತಾಯಿ, ಮಳೆ ಬಿತ್ತೆಂದರೆ ಎರೆಮಣ್ಣು ಕಲಸಿಕೊಂಡು ಕರ್ರಗೆ ಉಬ್ಬುತ್ತಿದ್ದಳು. ಆಗ ಕಾಕಾನೇ ಗತಿ. ಕಬ್ಬಿನ ಹಾಲು ಕಾಸುವ ದೊಡ್ಡ ಕಡಾಯಿಯೇ ಅವನ ದೋಣಿ. ನಮ್ಮನ್ನು ಅದರೊಳಗೆ ಕೂಡಿಸಿ, ತಾನು ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ಈಜುತ್ತ ನೂಕಿಕೊಂಡು ಹೋಗುತ್ತಿದ್ದ. ಕೂಡುವ ಮೊದಲು ಪ್ರತಿಯೊಬ್ಬರೂ ಒಂದು ಹಿಡಿ ಜೋಳ ನೀರಿಗೆ ಬಿಡಬೇಕು. "ಗಂಗವ್ವಗ ಹೇಳಿ ಕೂಡವ್ವ. ನನಗ ಹೇಳಿದ್ರ ಏನ್ ಬಂತು?" ಅನ್ನುತ್ತಿದ್ದ.

ನಾವು ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಮಾತು. ಉದಗೀರ ಬೊಂಬಾಯಿ ರಾಜ್ಯಕ್ಕೆ ಹೋಯಿತು. ಉಳಿದ ಊರು ಯಾರ ಪಾಲಿಗೆ ಎಂದು ಸಂತೆಯಲ್ಲಿ ಬಾಯಿಗೊಂದು ಮಾತು. ಅದೇ ವಾರ ತವರಿನಿಂದ, ಅವ್ವನಿಗೆ ಭಾಳ ಜಡ್ಡು ಎಂದು ಸುದ್ದಿ ಬಂತು. ಮಳೆ ನಿಂತಿದ್ದರೂ ಹೊಳೆ ಇನ್ನೂ ಇಳಿದಿರಲಿಲ್ಲ. ಅತ್ತೆಯನ್ನು ಕರೆದುಕೊಂಡು ದಂಡೆಗೆ ಓಡಿದೆ. ಕಾಕಾ ಕಡಾಯಿಯನ್ನು ದಂಡೆಯ ಮೇಲೆ ಬೋರಲು ಹಾಕಿ, ಜೋಳದ ಕಣಿಕೆ ಮುಚ್ಚಿ ಕೂತಿದ್ದ.

"ಆ ದಂಡಿ ಬೊಂಬಾಯಿದಾಯ್ತಂತ್ರಿ, ಅವ್ವಾರ. ಇನ್ನ ಕರೋಡಗಿರಿ ನಾಕಾ ಕೂಡ್ತದ. ಕಡಾಯಿ ಜಪ್ತಿ ಆದ್ರ ಮಕ್ಳು ಏನ್ ತಿನ್ಬೇಕ್ರಿ?"

ನಿಜಾಮರ ಕಾಲದಲ್ಲಿ ಸರಹದ್ದು ದಾಟುವ ಸಾಮಾನಿಗೆ ಸುಂಕ ಹಿಡಿಯುತ್ತಿದ್ದ ಚೌಕಿ ಅದು. ಸರಹದ್ದು ಅಂದರೆ ಅವನಿಗೆ ಅದೊಂದೇ ನೆನಪು.

"ನಿನ್ನ ಕಡಾಯಿ ಒಯ್ದು ಸರ್ಕಾರ ಬೆಲ್ಲ ಕಾಸ್ತದೇನೋ?" ಎಂದರು ಅತ್ತೆ. ಅವನು ಕಣಿಕೆಯನ್ನು ಇನ್ನಷ್ಟು ಎಳೆದು ಮುಚ್ಚಿದ. "ಕಾಕಾ, ನಮ್ಮವ್ವ..." ಎಂದೆ. ಅವನು ನೀರು ನೋಡುತ್ತ ಕೂತ. ಕೂಗಿದರೆ ಕೇಳುವಷ್ಟು ಹತ್ತಿರ ಇತ್ತು ಆಚೆ ದಂಡೆ.

ಮರುದಿನ ಮಧ್ಯಾಹ್ನ ಅವನೇ ನಮ್ಮ ಬಾಗಿಲಿಗೆ ಬಂದ. ಭಾಲ್ಕಿಗೆ ನಡೆದು ಹೋಗಿ ಕಚೇರಿಯಲ್ಲಿ ಕೇಳಿಕೊಂಡು ಬಂದಿದ್ದ, ಮೊಣಕಾಲತನಕ ಧೂಳು. "ಎರಡೂ ದಂಡಿ ಮೈಸೂರಿಗೇ ಅಂತವ್ವ. ಔರಾದ ನಮ್ಮ ಜೋಡೀನೇ ಅದ. ನಡಿ, ನಡಿ."

ದಾಟಿ ತವರು ಮುಟ್ಟಿದರೆ, ಅವ್ವ ಆ ಮುಂಜಾನೆಯೇ ಹೋಗಿದ್ದಳು. ವಿಭೂತಿ ಹಚ್ಚಿ ಕೂಡಿಸಿ, ನನಗಾಗಿ ಕಾದಿದ್ದರು. ಮಣ್ಣಿಗೆ ಇಡುವ ಮುಂಚೆ ಮುಖ ನೋಡಲು ಸಿಕ್ಕಿತು. ಶಿವ ಅಷ್ಟಾದರೂ ಕೊಟ್ಟ. ಹಿಂದಿನ ದಿನವೆಲ್ಲ ನನ್ನನ್ನೇ ಕೇಳುತ್ತಿದ್ದಳಂತೆ...

ತಿರುಗಿ ಬರುವಾಗ ಕಾಕಾ ಕೇಳಿದ: "ಅವ್ವ ಮಾತಾಡಿದ್ಳೇನವ್ವ?"

"ಒಂದು ದಿನ ತಡಾ ಆಯ್ತು" ಅಂದೆ. ಅಷ್ಟೇ.

ಆಮೇಲೆ ಎಷ್ಟೋ ವರ್ಷ ದಾಟಿಸಿದ. ಜೋಳ ಬಿಡು ಎಂದು ನನಗೊಬ್ಬಳಿಗೆ ಹೇಳುತ್ತಿರಲಿಲ್ಲ. ನನ್ನ ಪಾಲಿನದು ತಾನೇ ಬಿಡುತ್ತಿದ್ದ, ಮುಖ ಆ ಕಡೆ ಮಾಡಿ. ಹೆದರಿದ ಮನುಷ್ಯ, ಕೆಟ್ಟವನಲ್ಲ. ನನಗೆ ಗೊತ್ತಿತ್ತು. ದಿನಾ ಲಿಂಗಪೂಜೆ ಮಾಡುವ ನಾನು "ಹೋಗಲಿ ಬಿಡು ಕಾಕಾ" ಎಂದು ಒಂದು ಮಾತು ಅನ್ನಲಿಲ್ಲ. ಹೊಳೆಗೆ ಪೂಲು ಕಟ್ಟಿದರು, ಕಡಾಯಿ ಬೇಡವಾಯಿತು. ನಾವು ಬೀದರಿಗೆ ಬಂದೆವು...

ಬೆಣ್ಣೆಯಾಕೆ ಬುಟ್ಟಿ ಎತ್ತಿಕೊಳ್ಳುತ್ತ ಹೇಳಿದಳು: "ನಾ ಬೀದರದಿಂದ ತಿರುಗಿ ಬಂದಾಗೊಮ್ಮಿ ಕೇಳಾಂವ್ರಿ, ಆಕಿ ಏನರೇ ಹೇಳಿ ಕಳ್ಸ್ಯಾಳೇನು ಅಂತ. ಮುದುಕನ ಮಾತೇನು ಬಿಡು ಅಂತ ನಿಮಗ ಹೇಳ್ಲಿಲ್ಲ."

ಅವಳು ಹೋದ ಮೇಲೂ ಬಾಗಿಲಲ್ಲೇ ಕೂತಿದ್ದೆ. ನಲ್ಲಿಗೆ ನೀರು ಬಂತೆಂದು ಸೊಸೆ ಒಳಗಿನಿಂದ ಕೂಗಿದಳು. ಎದ್ದು ಕೊಡ ಹಿಡಿದೆ.