ಗುಬ್ಬಿ ದಾರೀಲಿ ಆಯಿಲ್ ಚೆಕ್

ಹಳೇ ಕಾರು ಇಟ್ಕಂಡಿರೋ ಸ್ನೇಹಿತರು ಇದನ್ನ ಓದಿ, ತಪ್ಪು ಯಾರ್ದು ಅಂತ ನೀವೇ ಹೇಳಿ.

ಎರಡು ಲಕ್ಷ ಕಿಲೋಮೀಟರ್ ಓಡಿರೋ ನಮ್ಮ ಕಾರಿಗೆ ನಿನ್ನೆ ಫುಲ್ ಸಿಂಥೆಟಿಕ್ ಆಯಿಲ್ ಹಾಕಿಸ್ದೆ. ಮೆಕ್ಯಾನಿಕ್ಕು ಏನೂ ಆಗಲ್ಲ ಅಂದ. ಪಕ್ಕದ ಮನೆಯವ್ರು ಮಾತ್ರ, "ಹಳೇ ಇಂಜಿನ್ನಲ್ಲಿ ಸಂದಿ ಮುಚ್ಚಿರೋದೇ ಕೊಳೆ. ಈ ಆಯಿಲ್ಲು ಅದನ್ನ ತೊಳೆದ್ರೆ ಸೋರಕ್ಕೆ ಶುರು ಆಗುತ್ತೆ ಸಾರ್" ಅಂದ್ಬಿಟ್ರು. ರಾತ್ರಿಯೆಲ್ಲ ನಿದ್ದೆ ಇಲ್ಲ.

ಇವತ್ತು ಗುಬ್ಬೀಲಿ ನಮ್ಮನೆಯವಳ ಅಕ್ಕನ ಮಗಳ ಸೀಮಂತ. ತುಮಕೂರು ದಾಟ್ತಿದ್ದಂಗೆ ಕಾರ್ ನಿಲ್ಲಿಸಿ, ಇಂಜಿನ್ ಆರೋವರೆಗೂ ಕಾದು, ಆಯಿಲ್ ಅಳೆಯೋ ಡಿಪ್‌ಸ್ಟಿಕ್ ಎಳೆದು ನೋಡಿದೆ. ಸರಿಯಾಗಿತ್ತು. ಮಲ್ಲಸಂದ್ರದಲ್ಲಿ ಇನ್ನೊಂದ್ಸಲ ನೋಡಿದೆ. ಅದೇ ಲೆವೆಲ್ಲು.

"ರೀ, ಇಷ್ಟು ಬೇಗ ಕುಡಿದು ಖಾಲಿ ಮಾಡಕ್ಕೆ ಇಂಜಿನ್ನೇನು ನಿಮ್ಮ ತಮ್ಮನಾ? ಮಡಿಲು ತುಂಬೋ ಹೊತ್ತಾಯ್ತು, ನಡೀರಿ" ಅಂದ್ಲು ಪಕ್ಕದಲ್ಲಿ ಕೂತಿದ್ದ ನಮ್ಮನೆಯವಳು.

ಗುಬ್ಬಿ ಹತ್ರ ಏನೋ ವಾಸನೆ ಬಂದಂಗಾಯ್ತು. ಮತ್ತೆ ನಿಲ್ಲಿಸ್ದೆ. ಗಾಬರೀಲಿ ಹಿಂದಿನ ಸೀಟಿಂದ ಕೈಗೆ ಸಿಕ್ಕಿದ ಬಟ್ಟೇಲೇ ಡಿಪ್‌ಸ್ಟಿಕ್ ಒರೆಸ್ದೆ.

"ಅಯ್ಯೋ ದೇವ್ರೇ! ಅದು ಮಡಿಲಿಗೆ ಹಾಕೋ ರವಿಕೆ ಬಟ್ಟೆ ಕಣ್ರೀ!"

ಪೇಟೆಗೆ ಹೋಗಿ ಬೇರೆ ರವಿಕೆ ಬಟ್ಟೆ ತಗಂಡು ಹೋಗೋ ಹೊತ್ತಿಗೆ ಶಾಸ್ತ್ರ ಮುಗಿದು ಎಲ್ಲರೂ ಊಟಕ್ಕೆ ಕೂತಿದ್ರು. ಅಕ್ಕ ಮಾತಾಡ್ಸಲಿಲ್ಲ. ವಾಪಸ್ ಬರೋವಾಗ ನಮ್ಮನೆಯವಳು ಬಸ್ ಹತ್ತಿದ್ಲು. ನಾನು ಒಬ್ಬನೇ, ಬೇಕಾದ ಕಡೆಯೆಲ್ಲ ನಿಲ್ಲಿಸ್ಕಂಡು ಬಂದೆ. ಅವಳೇ ಮೊದಲು ಮನೆ ಸೇರಿದ್ಲು.

ಆಯಿಲ್ಲು ಒಂದು ತೊಟ್ಟೂ ಕಮ್ಮಿ ಆಗಿಲ್ಲ. ಈ ಒಳ್ಳೇ ಸುದ್ದಿ ಹೇಳೋಣ ಅಂದ್ರೆ, ಒಳಗಿಂದ ಚಿಲಕ ಹಾಕಿದಾಳೆ.